ಬಿಳಿ ಬಟ್ಟೆ ಎಳೆದವರ ಹೆಸರೇನು?



ವರ್ಷಾ ವರ್ಷ ಪತ್ರಿಕೆಯಲ್ಲಿ ಒಂದು ಫೋಟೋ ಬರುತ್ತದೆ. ಕೊರಳಲ್ಲಿ ಪದಕ, ಕೈಯಲ್ಲಿ ಫಲಕ, ಹಿಂದೆ ದೊಡ್ಡವರ ಸಾಲು. ಜೀವವಿಜ್ಞಾನದಲ್ಲಿ, ವೈದ್ಯಕೀಯ ಸಂಶೋಧನೆಯಲ್ಲಿ ದೊಡ್ಡ ಕೆಲಸ ಮಾಡಿದವರು ಅಂತ ಕೆಳಗೆ ಬರೆದಿರುತ್ತದೆ. 1958ರಿಂದ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ನಡೆದುಬಂತು. ಬೆಂಗಳೂರಿನ ಇನ್ಫೋಸಿಸ್ ಪ್ರಶಸ್ತಿ ಇದೆ. 2024ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ವಿಜ್ಞಾನ ಪುರಸ್ಕಾರ ಕೊಡಲು ಶುರು ಮಾಡಿತು. ನಾವು ಹಾಸ್ಟೆಲಿನಲ್ಲಿ ಆ ಪುಟ ತಿರುವಿ ಕ್ರಿಕೆಟ್ ಪುಟಕ್ಕೆ ಹೋಗುತ್ತೇವೆ. ಅದು ನಮ್ಮ ಮನೆಯ ಸುದ್ದಿ ಅಲ್ಲ ಅಂತ ಯಾರೂ ಹೇಳಿಕೊಡದೆಯೇ ನಾವು ಕಲಿತುಬಿಟ್ಟಿದ್ದೇವೆ.

ನಾವು ಕಲಿತದ್ದು ತಪ್ಪು. ಯಾಕೆ ಅಂತ ಹೇಳುವುದಕ್ಕೇ ಈ ಬರಹ.

ಕಳೆದ ಚಳಿಗಾಲದಲ್ಲಿ ನಾವು ಒಂದಷ್ಟು ಹುಡುಗರು ಮುಂಡಗೋಡಿನಿಂದ ಅತ್ತಿವೇರಿಗೆ ಹೋಗಿದ್ದೆವು. ಜಲಾಶಯದ ದಂಡೆಯ ಮೇಲೆ ಕೂತು ಬುತ್ತಿ ಬಿಚ್ಚಿ ತಿಂದೆವು. ಚಮಚದಂಥ ಕೊಕ್ಕಿನ ಹಕ್ಕಿ, ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುವ ಹಾವಕ್ಕಿ, ಎಲ್ಲಾ ಇದ್ದವು. ಅಲ್ಲಿದ್ದ ಕಾವಲಿನ ಯಜಮಾನರು, "ಕಾಲಾಗ ಉಂಗುರ ಇರೋ ಹಕ್ಕಿ ಕಂಡ್ರ ಹೇಳ್ರಿ ತಮ್ಮಾ" ಅಂದರು. ಹಕ್ಕಿಗೆ ಯಾಕ್ರೀ ಉಂಗುರ ಅಂತ ಕೇಳಿದೆವು. ಎಲ್ಲಿಂದ ಬಂತು ಅಂತ ತಿಳಿಯೋದಕ್ಕೆ ಅಂದರು. ನಮ್ಮ ದೇಶದಲ್ಲಿ ಹಕ್ಕಿಯ ಕಾಲಿಗೆ ಉಂಗುರ ಹಾಕುವ ದೊಡ್ಡ ಕೆಲಸ ಶುರುವಾದದ್ದಕ್ಕೂ ನಮ್ಮ ಕಾಡಿನ ಒಂದು ಕಾಯಿಲೆಗೂ ನಂಟು ಇದೆ. ಅದು ನಮಗೆ ತಿಳಿದದ್ದು ಆಮೇಲೆ, ಓದಿದಾಗ.

ಅದು ಮಂಗನ ಕಾಯಿಲೆ. ಮುಂಡಗೋಡಿನಿಂದ ಬನವಾಸಿ ದಾಟಿದರೆ ಸೊರಬ. ಅಲ್ಲಿಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು, ಮುಸುವಗಳು ಸತ್ತು ಬೀಳತೊಡಗಿದವು. ಹಿಂದೆಯೇ ಜನರಿಗೂ ಜ್ವರ ಬಂತು. ತಲೆ ಸಿಡಿಯುವಂಥ ನೋವು, ಮೈ ಕೈ ಎಳೆತ, ಕೆಲವರಿಗೆ ಮೂಗು ಬಾಯಿಯಲ್ಲಿ ರಕ್ತ. ಪೂನಾದಲ್ಲಿ 1952ರಲ್ಲಿ ರಾಕ್‌ಫೆಲ್ಲರ್ ಫೌಂಡೇಶನ್ ನೆರವಿನಿಂದ ವೈರಸ್ ಸಂಶೋಧನಾ ಕೇಂದ್ರ ಹುಟ್ಟಿತ್ತು. ಅಲ್ಲಿಂದ ಸಂಶೋಧಕರು ಓಡಿ ಬಂದರು. ಮೊದಲು ಅವರಿಗೆ ಬಂದ ಅನುಮಾನ, ಇದು ಹಳದಿ ಜ್ವರವೋ ಏನೋ ಅಂತ. ಭಾರತಕ್ಕೆ ಎಂದೂ ಬಾರದ ಜ್ವರ ಅದು. ವೈರಸ್ಸನ್ನು ಬೇರ್ಪಡಿಸಿ ನೋಡಿದರೆ ಹಳದಿ ಜ್ವರ ಅಲ್ಲ. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮೆದುಳು ಜ್ವರದ ಬಳಗಕ್ಕೆ ಸೇರಿದ್ದು! ಸೈಬೀರಿಯಾ ಎಲ್ಲಿ, ಸೊರಬ ಎಲ್ಲಿ? ಹಾಗಾದರೆ ಚಳಿಗಾಲಕ್ಕೆ ಉತ್ತರದಿಂದ ಬರುವ ಹಕ್ಕಿಗಳೇ ಉಣುಗು ಹೊತ್ತು ತಂದವೇ ಎಂಬ ಪ್ರಶ್ನೆ ಎದ್ದಿತು. ಹಕ್ಕಿಗಳ ವಲಸೆಯ ಅಧ್ಯಯನವನ್ನು 1959ರಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಲೀಂ ಅಲಿಯವರು ವಿಶ್ವ ಆರೋಗ್ಯ ಸಂಸ್ಥೆಯ ನೆರವು ಪಡೆದು ಕೈಗೊಂಡರು. ಹಕ್ಕಿಗಳೇ ಕಾಯಿಲೆ ತಂದವು ಅನ್ನುವುದಕ್ಕೆ ಪುರಾವೆ ಸಿಗಲಿಲ್ಲ. ಆದರೆ ಯಾವ ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬ ವಿದ್ಯೆ ನಮ್ಮ ದೇಶದಲ್ಲಿ ಬೆಳೆಯಿತು.

ಈ ಕೆಲಸ ಮಾಡಿದ ಸಂಶೋಧಕರಿಗೆ ನಾವು ಮನಸಾರೆ ಚಪ್ಪಾಳೆ ಹೊಡೆಯುತ್ತೇವೆ. ಕೇಂದ್ರದ ನಿರ್ದೇಶಕರಾಗಿದ್ದ ಟೆಲ್ಫರ್ಡ್ ವರ್ಕ್ ಎಂಬ ಅಮೆರಿಕದ ವೈದ್ಯರು ಕಾಡಿಗೇ ಬಂದರು. ಹೆರಾಲ್ಡ್ ಟ್ರಪಿಡೋ ಮತ್ತು ಅವರ ಜೊತೆಯವರು ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿಯ ಉಣುಗು ಈ ಕಾಯಿಲೆ ಹರಡುತ್ತದೆ ಅಂತ ತೋರಿಸಿದರು. ಪಿ. ಕೆ. ರಾಜಗೋಪಾಲನ್ ಯೌವನದ ವರ್ಷಗಳನ್ನು ಈ ಕಾಡಿನ ಉಣುಗು, ಇಲಿ, ಮಂಗಗಳ ಹಿಂದೆ ಕಳೆದರು. ಆಮೇಲೆ ಪಾಂಡಿಚೇರಿಗೆ ಹೋಗಿ ಆನೆಕಾಲು ರೋಗದ ಸೊಳ್ಳೆಯ ಮೇಲೆ ಯುದ್ಧ ಮಾಡಿದರು. 1990ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದು ಯೋಗ್ಯರಿಗೇ ಬಂದ ಗೌರವ. ಕೊಲಂಬಿಯಾ ದೇಶದ ಜಾರ್ಜ್ ಬೊಶೆಲ್ 1969ರಲ್ಲಿ ಬರೆದ ಲೇಖನವನ್ನಂತೂ ನಮ್ಮ ಪ್ರತಿಯೊಬ್ಬ ವಿಜ್ಞಾನದ ವಿದ್ಯಾರ್ಥಿ ತಿಳಿದಿರಬೇಕು. ಕಾಡು ಕಡಿದು ಗದ್ದೆ ಮಾಡಿದರು, ಆ ಅಂಚಿಗೆ ದನ ಮೇಯಲು ಹೋದವು, ದನದ ರಕ್ತ ಕುಡಿದು ಉಣುಗು ಹೆಚ್ಚಿತು, ಉಣುಗಿರುವ ಜಾಗಕ್ಕೇ ಮಂಗವೂ ಬಂತು ಮನುಷ್ಯನೂ ಬಂದ. ಕಾಯಿಲೆಯ ಬೇರನ್ನು ಅವರು ಮಂಗನಲ್ಲಿ ಮಾತ್ರ ಹುಡುಕದೆ ನೆಲದ ಬಳಕೆಯಲ್ಲಿ ಹುಡುಕಿದರು. ಇದು ವಿಜ್ಞಾನಿಯ ಕಣ್ಣು.

ಇಲ್ಲಿಯವರೆಗೆ ಸರಿ. ಆದರೆ ಅತ್ತಿವೇರಿಯಿಂದ ವಾಪಸು ಬರುವಾಗ ನಮ್ಮ ಜೊತೆಗಾರ ಒಬ್ಬ ಬಾಯಿಬಿಟ್ಟ. ಅವನ ತಾಯಿಯ ತವರು ಸೊರಬದ ಕಡೆ. "ನಮ್ಮಜ್ಜ ಪೂನಾದವರ ಜೀಪಿನ ಹಿಂದೆ ಹೋಗ್ತಿದ್ದ. ಬಿಳಿ ಬಟ್ಟೆ ಎಳೀತಿದ್ದ ಅಂತ ಅವ್ವ ಹೇಳ್ತಾಳೆ" ಅಂದ. ಏನೋ ಅದು ಬಿಳಿ ಬಟ್ಟೆ ಅಂತ ನಾವು ನಕ್ಕೆವು. ನಗಬಾರದಿತ್ತು.

ಉಣುಗು ಹಿಡಿಯುವುದು ಹೀಗೆ. ಒಂದು ಬಿಳಿ ಬಟ್ಟೆಯನ್ನು ಕಾಡಿನ ನೆಲದ ಮೇಲೆ, ತರಗೆಲೆಯ ಮೇಲೆ, ಗಿಡಗಂಟಿಯ ಮೇಲೆ ಸವರಿಕೊಂಡು ನಡೆಯಬೇಕು. ಪ್ರಾಣಿ ಬಂತು ಅಂತ ಉಣುಗು ಬಟ್ಟೆಗೆ ಹತ್ತಿಕೊಳ್ಳುತ್ತದೆ. ಎಳ್ಳಿನ ಕಾಳಿಗಿಂತ ಚಿಕ್ಕ ಮರಿ ಉಣುಗು ಬಿಳಿಯ ಮೇಲೆ ಕಾಣುತ್ತದೆ. ಅದನ್ನು ಆರಿಸಿ ಸೀಸೆಗೆ ಹಾಕಬೇಕು. ಡಿಸೆಂಬರ್ ಜನವರಿಯಿಂದ ಮೇ ತನಕ, ಕಾಯಿಲೆಯ ಕಾಲದಲ್ಲೇ ಈ ಕೆಲಸ. ಮಂಗ ಸತ್ತ ಜಾಗ ಎಲ್ಲಕ್ಕಿಂತ ಅಪಾಯ. ಹೆಣ ತಣ್ಣಗಾದ ಕೂಡಲೇ ಅದರ ಮೈಯ ಉಣುಗೆಲ್ಲಾ ನೆಲಕ್ಕೆ ಇಳಿದು ಇನ್ನೊಂದು ಮೈಗಾಗಿ ಕಾಯುತ್ತಿರುತ್ತವೆ. ಆ ಜಾಗಕ್ಕೂ ಹೋಗಬೇಕು, ಆ ಹೆಣವನ್ನೂ ಹೊರಬೇಕು. ಪ್ರಯೋಗಾಲಯದ ಒಳಗಿದ್ದವರಿಗೇ ಈ ವೈರಸ್ ತಗುಲಿದ ದಾಖಲೆ ಇದೆ. ಹಾಗಿರುವಾಗ ಕಾಡಿನಲ್ಲಿ ಬಟ್ಟೆ ಎಳೆದವನ ಜೀವಕ್ಕೆ ಯಾರು ಜವಾಬ್ದಾರಿ ಹೊತ್ತಿದ್ದರು?

ಬಟ್ಟೆ ಎಳೆದವರ ಹೆಸರೇನು? ಹಕ್ಕಿಗೆ ಉಂಗುರ ಹಾಕುವ ಕೆಲಸದಲ್ಲೂ ಇದೇ ಕತೆ. ಹಕ್ಕಿಗೆ ಗಾಯವಾಗದಂತೆ ಬಲೆ ಹಾಕಿ ಹಿಡಿದುಕೊಟ್ಟವರಲ್ಲಿ ಬಿಹಾರದ ಮೀರ್‌ಶಿಕಾರ್ ಎಂಬ ಬೇಟೆಯ ಸಮುದಾಯದವರು ಇದ್ದರು. ತಲೆತಲಾಂತರದಿಂದ ಅವರ ಕೈಯಲ್ಲಿದ್ದ ವಿದ್ಯೆ ಅದು. ಸಲೀಂ ಅಲಿಯವರ ಹೆಸರು ಶಾಲೆಯ ಪುಸ್ತಕದಲ್ಲಿದೆ, ಇರಲೇಬೇಕು. ಬಲೆ ಹಾಕಿದವರ ಹೆಸರನ್ನು ಯಾವ ಮೇಷ್ಟ್ರು ಹೇಳಿಕೊಟ್ಟಿದ್ದಾರೆ?

ಕೆಲವರು ಹೇಳುತ್ತಾರೆ, "ಬಟ್ಟೆ ಎಳೆಯೋದು ಕೂಲಿ, ವಿಜ್ಞಾನ ಅಲ್ಲ. ದುಡ್ಡು ಕೊಟ್ಟಿದ್ದಾರಲ್ಲ, ಇನ್ನೇನು?" ಅಂತ. ಬಟ್ಟೆ ಸರಿಯಾಗಿ ಎಳೆಯದಿದ್ದರೆ ಉಣುಗಿನ ಲೆಕ್ಕ ತಪ್ಪುತ್ತದೆ. ಲೆಕ್ಕ ತಪ್ಪಿದರೆ ಲೇಖನ ತಪ್ಪುತ್ತದೆ. ಯಾವ ಹಾದಿಯಲ್ಲಿ ಮುಸುವ ಓಡಾಡುತ್ತದೆ, ಯಾವ ಗುಡ್ಡದಲ್ಲಿ ಸತ್ತ ವಾಸನೆ ಬರುತ್ತಿದೆ ಅಂತ ಹೇಳಿದವರು ದನಗಾಹಿಗಳು, ಸೊಪ್ಪು ಸೌದೆಗೆ ಹೋಗುವ ಹೆಂಗಸರು. ಅದು ತಿಳುವಳಿಕೆ ಅಲ್ಲದಿದ್ದರೆ ಮತ್ತೇನು? ಕೈಯ ಕೆಲಸ ಕೀಳು, ತಲೆಯ ಕೆಲಸ ಮೇಲು ಅನ್ನುವ ಲೆಕ್ಕ ನಮಗೇನೂ ಹೊಸದಲ್ಲ. ಆ ಲೆಕ್ಕ ಎಲ್ಲಿಂದ ಬಂತು ಅಂತ ಇದನ್ನು ಓದುವವರಿಗೆ ವಿವರಿಸಬೇಕಾಗಿಲ್ಲ.

ಇನ್ನೂ ಹತ್ತಿರದ ಒಂದು ಮಾತು. ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಊರು. 1970ರ ದಶಕದ ನಡುವಿನಲ್ಲಿ ಅಲ್ಲಿ ಒಂದು ಕೀಲು ರೋಗ ಹೊರಜಗತ್ತಿಗೆ ತಿಳಿಯಿತು. ಸೊಂಟ, ಮೊಣಕಾಲು ಹಿಡಿದುಕೊಂಡು ನಡೆಯಲಾಗದಂತೆ ಮಾಡುತ್ತದೆ. ಕೆಲವರ ಬೆಳವಣಿಗೆಯೇ ಕುಂಠಿತವಾಗುತ್ತದೆ. ಬಂದದ್ದು ಯಾರಿಗೆ? ಹೆಚ್ಚಾಗಿ ಚನ್ನಂಗಿ, ಚಲುವಾದಿ ಜನಕ್ಕೆ. ಗದ್ದೆಯಲ್ಲಿ ದುಡಿಯುವ ನಮ್ಮ ಜನಕ್ಕೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದರು. 1977ರಲ್ಲಿ ಭಟ್ ಮತ್ತು ಕೃಷ್ಣಮಾಚಾರಿ ಎಂಬ ಸಂಶೋಧಕರ ಲೇಖನ ಬಂತು. ವಿಷ ಸಿಂಪಡಿಸಿದ ಗದ್ದೆಯ ಏಡಿ ತಿಂದದ್ದರಿಂದ ಬಂತೇ ಎಂಬ ಅನುಮಾನವೂ ಹುಟ್ಟಿತು. ಆಮೇಲಿನ ಅಧ್ಯಯನಗಳು ಇದು ವಂಶದಲ್ಲಿ ಹರಿದುಬರುವ ರೋಗ ಅಂದವು. ರಕ್ತ ಕೊಟ್ಟವರು, ಎಕ್ಸ್‌ರೇ ಮುಂದೆ ನಿಂತವರು ನಮ್ಮವರು. ರೋಗವನ್ನು ಬುಡದಿಂದ ವಾಸಿಮಾಡುವ ಮದ್ದು ಇವತ್ತಿಗೂ ಇಲ್ಲ. ಲೇಖನದಲ್ಲಿ ಊರಿನ ಹೆಸರು ಉಳಿಯಿತು, ಊರಿನವರ ನೋವೂ ಹಾಗೇ ಉಳಿಯಿತು.

ನಮ್ಮ ಜಿಲ್ಲೆಯ ಸಿದ್ದಿ ಗೆಳೆಯರಿಗೂ ಇದು ಗೊತ್ತಿರಲಿ. ಕರ್ನಾಟಕ, ಗುಜರಾತಿನ ಸಿದ್ದಿಗಳ ರಕ್ತದ ಮಾದರಿ ನೋಡಿ, ಅವರ ಪೂರ್ವಜರು ಆಫ್ರಿಕಾದಿಂದ ಬಂದ ಚರಿತ್ರೆಯನ್ನು ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ಸಂಶೋಧಕರು 2011ರಲ್ಲಿ ಪ್ರಕಟಿಸಿದರು. ಒಳ್ಳೆಯ ಕೆಲಸ. ನಾವು ಕೇಳುವುದಿಷ್ಟೇ: ಮುಂದಿನ ಸಲ ಅಂಥ ಲೇಖನ ಬರೆಯುವವರ ಸಾಲಿನಲ್ಲಿ ಹಳಿಯಾಳ, ಜೋಯಿಡಾ, ಮುಂಡಗೋಡಿನ ಒಬ್ಬ ಸಿದ್ದಿ ಹುಡುಗಿ ಯಾಕಿರಬಾರದು?

ಇರಬೇಕಾದರೆ ಬಾಗಿಲು ತೆರೆದಿರಬೇಕು. ದೆಹಲಿಯ ಏಮ್ಸ್‌ನಲ್ಲಿ ಪರಿಶಿಷ್ಟ ವಿದ್ಯಾರ್ಥಿಗಳನ್ನು ಹೇಗೆ ನಡೆಸಿಕೊಳ್ಳುತ್ತಾರೆ ಅಂತ ವಿಚಾರಿಸಲು ಸರ್ಕಾರವೇ ಸುಖದೇವ್ ಥೋರಟ್ ಸಮಿತಿ ನೇಮಿಸಿತ್ತು. ಪಾಠದಲ್ಲಿ, ಪರೀಕ್ಷೆಯಲ್ಲಿ, ಹಾಸ್ಟೆಲಿನಲ್ಲಿ ಭೇದಭಾವ ನಡೆಯುತ್ತಿದೆ ಅಂತ 2007ರ ವರದಿಯಲ್ಲಿ ಆ ಸಮಿತಿ ಬರೆಯಿತು. ಪ್ರಶಸ್ತಿಯ ಫೋಟೋದಲ್ಲಿ ನಮ್ಮ ಮುಖ ಯಾಕಿಲ್ಲ ಅಂತ ಕೇಳುವವರು ಮೊದಲು ಆ ವರದಿ ಓದಲಿ.

2024ರ ಆ ಪುರಸ್ಕಾರದ ಅತಿ ದೊಡ್ಡ ಗೌರವ ವಿಜ್ಞಾನ ರತ್ನ. ಅದು ಮೊದಲು ಸಂದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಪದ್ಮನಾಭನ್ ಅವರಿಗೆ. ಬಡವರ ರಕ್ತ ಕುಡಿಯುವ ಮಲೇರಿಯಾ ಪರಾವಲಂಬಿಯ ಒಳಗುಟ್ಟು ಹುಡುಕುತ್ತಾ ಬಾಳು ಸವೆಸಿದವರು. ಅವರಿಗೂ ಚಪ್ಪಾಳೆ. ಅದೇ ವರ್ಷ ಒಂದು ತಂಡಕ್ಕೂ ಪುರಸ್ಕಾರ ಬಂತು, ಚಂದ್ರಯಾನ-3ರ ತಂಡಕ್ಕೆ. ಅಂದಮೇಲೆ ದೊಡ್ಡ ಕೆಲಸವನ್ನು ಒಬ್ಬರೇ ಮಾಡುವುದಿಲ್ಲ ಅಂತ ಸರ್ಕಾರವೇ ಒಪ್ಪಿದ ಹಾಗಾಯಿತು. ಚಂದ್ರನಿಗೆ ಹೋಗಲು ತಂಡ ಬೇಕು ಅನ್ನುವವರು, ಕ್ಯಾಸನೂರು ಕಾಡಿಗೆ ಹೋಗಲೂ ತಂಡ ಬೇಕಿತ್ತು ಅಂತ ಯಾವಾಗ ಒಪ್ಪುತ್ತಾರೆ?

ಇದು ಮುಗಿದುಹೋದ ಹಳೇ ಕತೆ ಅಂದುಕೊಳ್ಳಬೇಡಿ. 1982-83ರಲ್ಲಿ ಬೆಳ್ತಂಗಡಿಯಲ್ಲಿ ಮಂಗನ ಕಾಯಿಲೆ ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿಯಿತು. 2018-19ರಲ್ಲಿ ಸಾಗರದ ಅರಳಗೋಡು ನಡುಗಿತು. 2024ರಲ್ಲಿ ನಮ್ಮ ಸಿದ್ದಾಪುರ ತಾಲ್ಲೂಕಿನಲ್ಲೂ ಜನ ಸತ್ತರು. ಶುರುವಿನಲ್ಲಿ ರಷ್ಯಾದ ಆ ಜ್ವರದ ಲಸಿಕೆಯನ್ನೇ ಚುಚ್ಚಿ ನೋಡಿದ್ದರು, ಫಲ ಸಿಗಲಿಲ್ಲ. ಆಮೇಲೆ ಈ ಕಾಯಿಲೆಗೇ ಅಂತ ಮಾಡಿದ ಲಸಿಕೆ 1990ರ ಸುಮಾರಿಗೆ ಊರುಗಳಿಗೆ ಬಂತು. ಅದರ ಶಕ್ತಿ ಸಾಲದು ಅಂತ 2022ರ ಹೊತ್ತಿಗೆ ಅದೂ ನಿಂತಿತು. 1957ರಿಂದ ಲೆಕ್ಕ ಹಾಕಿ. ಈ ಕಾಯಿಲೆ ಸೌದೆಗೆ ಹೋಗುವವರಿಗೆ ಬರುವ ಬದಲು ಸೌಧದಲ್ಲಿ ಕೂರುವವರಿಗೆ ಬಂದಿದ್ದರೆ ಇಷ್ಟು ವರ್ಷ ಬೇಕಾಗುತ್ತಿತ್ತೇ?

ನಮ್ಮ ಒತ್ತಾಯ ಮೂರು. ಒಂದು, ಪ್ರಶಸ್ತಿ ಕೊಡುವಾಗ ಕಾಡು ಮೇಡಿನಲ್ಲಿ ದುಡಿದ ತಂಡವನ್ನೂ ಹೆಸರಿಟ್ಟು ಕರೆಯಬೇಕು. ಲೇಖನ ಬರೆಯುವಾಗ ಅವರ ಹೆಸರು ಹಾಕಬೇಕು. ಎರಡು, ರಕ್ತ ತೆಗೆದುಕೊಂಡು ಹೋದವರು ಫಲಿತಾಂಶವನ್ನು ಅದೇ ಊರಿಗೆ ತಂದು ಕನ್ನಡದಲ್ಲಿ ಹೇಳಬೇಕು. ಮೂರು, ಸಂಶೋಧನೆಯ ಬಾಗಿಲಲ್ಲಿ ಮೀಸಲಾತಿ ಕಾಗದದಲ್ಲಿ ಮಲಗಬಾರದು.

ಕೊನೆಯದು ನಮಗೆ ನಾವೇ ಹೇಳಿಕೊಳ್ಳುವ ಮಾತು. ಅಜ್ಜ ಬಿಳಿ ಬಟ್ಟೆ ಎಳೆದ ಆ ಹುಡುಗ ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದಾನೆ. ಇಂಗ್ಲಿಷು ತಲೆಗೆ ಹತ್ತುವುದಿಲ್ಲ, ಪ್ರಾಕ್ಟಿಕಲ್ ರೆಕಾರ್ಡಿಗೆ ದುಡ್ಡಿಲ್ಲ, ಬಿಟ್ಟು ಬಿ.ಎ.ಗೆ ಹೋಗ್ತೀನಿ ಅನ್ನುತ್ತಿದ್ದ. ನಾವು ಬಿಡಲಿಲ್ಲ. ರೆಕಾರ್ಡ್ ಪುಸ್ತಕಕ್ಕೆ ಎಲ್ಲರೂ ಸೇರಿ ದುಡ್ಡು ಹಾಕಿದೆವು. ರಾತ್ರಿ ಊಟದ ಮೇಲೆ ಸೀನಿಯರ್ ಒಬ್ಬರು ಪಾಠ ಹೇಳುತ್ತಿದ್ದಾರೆ. ಪರಿಶಿಷ್ಟ ಜಾತಿಯವರಿಗೆ ಪಿಎಚ್.ಡಿ. ಮಾಡಲು 2005-06ರಲ್ಲಿ ಶುರುವಾದ ರಾಷ್ಟ್ರೀಯ ಫೆಲೋಶಿಪ್ ಇದೆ ಅಂತ ಅವನಿಗೆ ಈಗಲೇ ಹೇಳಿಟ್ಟಿದ್ದೇವೆ. ನಿಮ್ಮ ಹಾಸ್ಟೆಲಿನಲ್ಲೂ ಅಂಥ ಒಬ್ಬನೋ ಒಬ್ಬಳೋ ಇರುತ್ತಾರೆ. ಹುಡುಕಿ. ಬಿಡಬೇಡಿ.

ಅವನು ಮುಂದೆ ಉಣುಗಿನ ಮೇಲೇ ಸಂಶೋಧನೆ ಮಾಡುತ್ತಾನೋ ಬೇರೆ ಏನು ಮಾಡುತ್ತಾನೋ, ಅದು ಅವನ ಇಷ್ಟ. ಆದರೆ ಒಂದು ದಿನ ಅವನ ಲೇಖನ ಅಚ್ಚಾದರೆ, ಅದರಲ್ಲಿ ಬಟ್ಟೆ ಎಳೆದವರ ಹೆಸರನ್ನು ಅವನು ಮರೆಯುವುದಿಲ್ಲ ಅಂತ ನಮಗೆ ಮಾತು ಕೊಟ್ಟಿದ್ದಾನೆ.