ಬೈಗುಳ ಸಾಕು, ಸ್ಪ್ರಿಂಗಿಗೆ ಒಂದು ದಾರಿ ಕೊಡಿ

ಕಾರನ್ನು ನೆಲಕ್ಕೆ ತಾಗುವಷ್ಟು ಕೆಳಗಿಳಿಸಿಕೊಂಡು ಓಡಾಡುವ ಹುಡುಗರನ್ನು ಕಂಡರೆ ಹೆಚ್ಚಿನವರ ಬಾಯಲ್ಲಿ ಒಂದೇ ಮಾತು: ‘ಅಪ್ಪನ ದುಡ್ಡು, ಮಗನ ಶೋಕಿ’. ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ, ಹುಬ್ಬಳ್ಳಿಯ ಒಂದು ವೀಲ್ ಅಲೈನ್‌ಮೆಂಟ್ ಅಂಗಡಿಯಲ್ಲಿ ಎರಡು ವರ್ಷದಿಂದ ಕೆಲಸ ಮಾಡುತ್ತಿರುವ ನನಗೆ ಈ ಮಾತು ಒಪ್ಪಿಗೆಯಿಲ್ಲ. ನಮ್ಮಲ್ಲಿಗೆ ಬರುವ ಇಂಥ ಕಾರುಗಳಲ್ಲಿ ಹೆಚ್ಚಿನವು ಹತ್ತು ವರ್ಷ ದಾಟಿದ ಸಿಟಿ, ವರ್ನಾ. ಎಲ್ಲವೂ ಸೆಕೆಂಡ್ ಹ್ಯಾಂಡ್. ಓಡಿಸುವವರು ಮೊಬೈಲ್ ಅಂಗಡಿಯಲ್ಲಿ, ಕೊರಿಯರ್ ಆಫೀಸಿನಲ್ಲಿ ದುಡಿಯುವವರು. ಎಸ್‌ಯುವಿ ಕೊಳ್ಳಲಾರದವರಿಗೆ ಹಳೆಯ ಸೆಡಾನ್ ಅಗ್ಗಕ್ಕೆ ಸಿಗುತ್ತದೆ. ಅದನ್ನೇ ತಮ್ಮದಾಗಿ ಕಾಣುವಂತೆ ಮಾಡಿಕೊಳ್ಳಬೇಕೆಂಬ ಆಸೆ ಅವರದು. ಮದುವೆಗೆ ಮನೆಗೆ ಬಣ್ಣ ಬಳಿಸುವವರಿಗೆ ಅರ್ಥವಾಗದ ಆಸೆಯೇನೂ ಅಲ್ಲ.

ಈ ಆಸೆ ತೀರಿಸಿಕೊಳ್ಳಲು ಎರಡು ಹಾದಿಗಳಿವೆ, ಹೊರಗೆ ನಿಂತು ನೋಡುವವರಿಗೆ ಎರಡೂ ಒಂದೇ. ಒಂದು, ಆ ಮಾದರಿಯ ಕಾರಿಗೆಂದೇ ತಯಾರಾದ ಗಿಡ್ಡ ಸ್ಪ್ರಿಂಗ್‌ಗಳನ್ನು ತರಿಸಿ ಹಾಕುವುದು. ಸಾಮಾನ್ಯವಾಗಿ ಕಾರು 25ರಿಂದ 40 ಮಿ.ಮೀ ಇಳಿಯುತ್ತದೆ. ಇನ್ನೊಂದು, ಕಂಪನಿಯ ಸ್ಪ್ರಿಂಗನ್ನೇ ಬಿಚ್ಚಿ ಗ್ರೈಂಡರ್‌ನಲ್ಲಿ ಒಂದು ಸುತ್ತು ಕತ್ತರಿಸುವುದು. ಕೆಲವರು ಅಷ್ಟೂ ತ್ರಾಸ ತೆಗೆದುಕೊಳ್ಳದೆ ಗ್ಯಾಸ್ ಉರಿಯಲ್ಲಿ ಕಾಯಿಸಿ ಕುಸಿಯುವಂತೆ ಮಾಡುತ್ತಾರೆ. ಮೊದಲನೆಯದಕ್ಕೆ ತಿಂಗಳ ಸಂಬಳ ಸಾಲದು. ಎರಡನೆಯದು ಭಾನುವಾರದ ಒಂದು ಮಧ್ಯಾಹ್ನದ ಕೆಲಸ.

ಕತ್ತರಿಸಿದ ಸ್ಪ್ರಿಂಗಿನಲ್ಲಿ ಏನು ತಪ್ಪು ಎಂದು ಗಿರಾಕಿಗಳು ಕೇಳುತ್ತಾರೆ. ಸ್ಪ್ರಿಂಗಿನ ಬಿಗಿತನ ಅದರ ಸುತ್ತುಗಳ ಸಂಖ್ಯೆಗೆ ವಿಲೋಮವಾಗಿರುತ್ತದೆ. ಆರು ಸುತ್ತಿನಲ್ಲಿ ಒಂದು ಹೋದರೆ ಉಳಿದದ್ದು ಶೇ 20ರಷ್ಟು ಗಡುಸು. ಆದರೆ ಅದರ ಪಕ್ಕದ ಶಾಕ್ ಅಬ್ಸರ್ಬರ್ ಹಳೆಯ ಸ್ಪ್ರಿಂಗಿನ ಲೆಕ್ಕಕ್ಕೆ ಮಾಡಿದ್ದು. ಗಡುಸಾದ ಸ್ಪ್ರಿಂಗಿನ ಪುಟಿತವನ್ನು ಅದು ಹಿಡಿದು ನಿಲ್ಲಿಸಲಾರದು. ಚಕ್ರ ಮೇಲೇಳಲು ಇರುವ ಜಾಗವೂ ಕಡಿಮೆಯಾಗಿರುತ್ತದೆ. ನಾಲ್ಕು ಜನ ಕೂತರೆ ಕಾರು ಸ್ಪ್ರಿಂಗಿನ ಮೇಲಲ್ಲ, ಬಂಪ್ ಸ್ಟಾಪ್ ಎಂಬ ರಬ್ಬರ್ ತುಂಡಿನ ಮೇಲೆ ಕೂತಿರುತ್ತದೆ. ತಿರುವಿನಲ್ಲಿ ಒಂದು ಗುಂಡಿ ಸಿಕ್ಕಿದರೆ ಹಿಂದಿನ ಚಕ್ರ ನೆಲ ಬಿಟ್ಟು ಜಿಗಿಯುತ್ತದೆ. ಮಳೆಗಾಲದಲ್ಲಿ ಅದರ ಪರಿಣಾಮವನ್ನು ಬಿಡಿಸಿ ಹೇಳಬೇಕಿಲ್ಲ.

ಇದಕ್ಕಿಂತ ಕೆಟ್ಟದ್ದು ಸ್ಪ್ರಿಂಗಿನ ತುದಿ. ಕಂಪನಿಯಲ್ಲಿ ಆ ತುದಿಯನ್ನು ಅದರ ತಟ್ಟೆಯಲ್ಲಿ ಸರಿಯಾಗಿ ಕೂರುವ ಆಕಾರಕ್ಕೆ ತಂದಿರುತ್ತಾರೆ. ಗ್ರೈಂಡರ್ ಬಿಟ್ಟುಹೋದ ಮೊಂಡು ತುದಿ ಹಾಗೆ ಕೂರುವುದಿಲ್ಲ. ಚಕ್ರ ಗುಂಡಿಗಿಳಿದು ಪೂರ್ತಿ ಜೋತುಬಿದ್ದಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ಬಿಟ್ಟು ಸರಿಯಬಹುದು. ಕಳೆದ ಮಳೆಗಾಲದಲ್ಲಿ ಒಂದು ಕಾರು ನಮ್ಮ ಅಂಗಡಿಗೆ ಹಾಗೆಯೇ ಬಂತು. ಸ್ಪ್ರಿಂಗ್ ಓರೆಯಾಗಿ ಟೈರಿನ ಒಳಮೈಗೆ ಉಜ್ಜುತ್ತಿತ್ತು. ಹಿಂದಿನ ಸೀಟಿನಲ್ಲಿ ಹುಡುಗನ ಅಮ್ಮ, ಮಡಿಲಲ್ಲಿ ಮೊಮ್ಮಗಳು. ‘ಬರೇ ಅಲೈನ್‌ಮೆಂಟ್ ಮಾಡಿಕೊಡ್ರಿ ಅಣ್ಣಾ, ಸ್ಪ್ರಿಂಗ್ ಸುದ್ದಿ ಅವ್ವನ ಮುಂದ ಬ್ಯಾಡ’ ಎಂದು ಅವನು ಕಿವಿಯಲ್ಲಿ ಹೇಳಿದ.

ಅಲೈನ್‌ಮೆಂಟಾದರೂ ಎಷ್ಟು ಮಾಡುವುದು? ಕಾರು ಇಳಿದಾಗ ಮುಂದಿನ ಚಕ್ರಗಳ ತಲೆ ಒಳಕ್ಕೆ ವಾಲುತ್ತದೆ. ಹೆಚ್ಚಿನ ಸೆಡಾನ್‌ಗಳಲ್ಲಿ ಟೋ ಒಂದನ್ನು ತಿದ್ದಬಹುದೇ ಹೊರತು ಕ್ಯಾಂಬರ್ ತಿದ್ದಲು ಕಂಪನಿ ಅವಕಾಶವನ್ನೇ ಇಟ್ಟಿರುವುದಿಲ್ಲ. ಪರದೆಯ ಮೇಲಿನ ಕೆಂಪು ಅಂಕಿ ಕೆಂಪಾಗಿಯೇ ಉಳಿಯುತ್ತದೆ. ಟೋ ತಪ್ಪಿದ ಕಾರನ್ನು ಹಾಗೆಯೇ ಕೆಲವು ತಿಂಗಳು ಓಡಿಸಿದರೆ, ಹೊರಗಿನಿಂದ ಹೊಸದಾಗಿ ಕಾಣುವ ಟೈರಿನ ಒಳಅಂಚಿಗೆ ಬೆರಳಿಟ್ಟಾಗ ತಂತಿ ಚುಚ್ಚುತ್ತದೆ. ಸರಿಯಾದ ಸ್ಪ್ರಿಂಗ್ ಹಾಕಿಸಿದವರಿಗೂ ಈ ಕಾಟವಿದೆ. ಆದರೆ 30 ಮಿ.ಮೀ ಇಳಿತಕ್ಕೆ ಅದು ಸಹಿಸುವಷ್ಟಿರುತ್ತದೆ. ಕತ್ತರಿಸಿದವರು ಎಷ್ಟು ಇಳಿಸಿದ್ದೇವೆಂದು ಅಳೆದಿರುವುದೇ ಇಲ್ಲ. ಎಡಕ್ಕೊಂದು ಎತ್ತರ, ಬಲಕ್ಕೊಂದು ಎತ್ತರ.

ಇಳಿಸಿದರೆ ಕಾರು ರಸ್ತೆ ಹಿಡಿಯುತ್ತದೆ ಎಂಬ ವಾದವನ್ನು ಪೂರ್ತಿ ತಳ್ಳಿಹಾಕಲಾರೆ. ಕಾರಿನ ಭಾರಕೇಂದ್ರ ನೆಲದಿಂದ ಸುಮಾರು ಅರ್ಧ ಮೀಟರ್ ಎತ್ತರದಲ್ಲಿರುತ್ತದೆ. 30 ಮಿ.ಮೀ ತಗ್ಗಿದರೆ ತಿರುವಿನಲ್ಲಿ ಹೊರಚಕ್ರದ ಮೇಲೆ ಹೋಗುವ ಹೆಚ್ಚುವರಿ ಭಾರ ಶೇ 5–6ರಷ್ಟು ಇಳಿಯುತ್ತದೆ. ಅಷ್ಟೇ. ಗೋಕುಲ ರಸ್ತೆಯ ಟ್ರಾಫಿಕ್‌ನಲ್ಲಿ ಆ ಲಾಭವನ್ನು ಯಾರೂ ಅನುಭವಿಸಿದ್ದು ನಾನು ನೋಡಿಲ್ಲ. ಚಂದ ಕಾಣುತ್ತದೆಂದು ಇಳಿಸುತ್ತೇವೆ ಎಂದು ನೇರವಾಗಿ ಹೇಳಿದರೆ ಸಾಕು, ರೇಸಿನ ಹೆಸರು ಯಾಕೆ?

ಇನ್ನು ನಮ್ಮ ಹಂಪ್‌ಗಳು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಲೆಕ್ಕದಂತೆ ಹಂಪ್ 10 ಸೆಂ.ಮೀ ಎತ್ತರ, 3.7 ಮೀಟರ್ ಅಗಲವಿದ್ದು 17 ಮೀಟರ್ ತ್ರಿಜ್ಯದ ಬಾಗು ಹೊಂದಿರಬೇಕು. ಸಿಟಿ ಕಾರಿನ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 2.6 ಮೀಟರ್. ಅಂದರೆ ಸರಿಯಾದ ಹಂಪ್‌ ಮೇಲೆ ಎರಡೂ ಚಕ್ರಗಳು ಒಟ್ಟಿಗೆ ಏರಿ ನಿಲ್ಲುತ್ತವೆ, ಹೊಟ್ಟೆಗೆ ಎದುರಾಗುವ ಉಬ್ಬು ಬರೀ 5 ಸೆಂ.ಮೀ. ಕಂಪನಿ ಕೊಟ್ಟ 165 ಮಿ.ಮೀಯಲ್ಲಿ 35 ಕಳೆದರೂ ಕಾರು ಆರಾಮಾಗಿ ದಾಟುತ್ತದೆ. ನಮ್ಮೂರ ಹಂಪ್‌ಗಳು ರಸ್ತೆಗಡ್ಡ ಮಲಗಿಸಿದ ಕಂಬದಂತಿವೆ. ಎರಡೂ ಚಕ್ರಗಳ ನಡುವೆ ಅವು ಪೂರ್ತಿ ಸಿಕ್ಕಿಕೊಳ್ಳುತ್ತವೆ. ಚೇಂಬರ್ ಒಡೆದು ಆಯಿಲ್ ಸುರಿಯುತ್ತದೆ. ಗಮನಿಸದೆ ಓಡಿಸಿದರೆ ಎಂಜಿನ್ ಸೀಜ್. ಹಾಗೆಂದು ಹಂಪ್ ಹಾಕಿದವರನ್ನು ಬೈಯಲು ನನಗೆ ಮನಸ್ಸಿಲ್ಲ. ಅನೇಕ ಊರುಗಳಲ್ಲಿ ಅದು ಯಾವುದೋ ಮಗು ಸತ್ತ ಮರುದಿನ ಎದ್ದ ಹಂಪ್.

ಈಗ ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನ ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಬದಲಾವಣೆಗೆ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ. ಉದ್ದೇಶ ಒಳ್ಳೆಯದೇ. ಆದರೆ ಲೆಕ್ಕ ಹಾಕಿಕೊಂಡೇ ಮಾಡಿದ ಸ್ಪ್ರಿಂಗೂ ಅಪರಾಧ, ಗ್ರೈಂಡರ್‌ನಲ್ಲಿ ಕೊಯ್ದದ್ದೂ ಅಪರಾಧ ಎಂದಾದಾಗ ಹುಡುಗ ಯಾವುದನ್ನು ಆರಿಸುತ್ತಾನೆ? ಸಿಕ್ಕಿಬಿದ್ದರೆ ದಂಡ ಒಂದೇ, ಖರ್ಚು ಮಾತ್ರ ಹತ್ತಾರು ಪಟ್ಟು ಬೇರೆ. ಅವನು ಅಗ್ಗದ್ದನ್ನೇ ಆರಿಸುತ್ತಾನೆ. ಅಪಾಯದ್ದೂ ಅದೇ.

ಅನುಮತಿಯ ದಾರಿ ಮಾಡುವುದು ನಮ್ಮ ಸರ್ಕಾರಕ್ಕೆ ಬಾರದ ವಿದ್ಯೆಯಲ್ಲ. ಪೆಟ್ರೋಲ್ ಕಾರಿಗೆ ಸಿಎನ್‌ಜಿ ಕಿಟ್ ಹಾಕಿಸುವುದನ್ನು ನೋಡಿ. ಡಿಕ್ಕಿಯಲ್ಲಿ ಸುಮಾರು 200 ಬಾರ್ ಒತ್ತಡದ ಗ್ಯಾಸ್ ಸಿಲಿಂಡರ್ ಇಟ್ಟುಕೊಂಡು ಓಡಾಡಲು ಕಾನೂನಿನಲ್ಲಿ ದಾರಿಯಿದೆ. ಪುಣೆಯ ಎಆರ್‌ಎಐನಂಥ ಸಂಸ್ಥೆಯ ಪರೀಕ್ಷೆಯಲ್ಲಿ ಪಾಸಾದ ಕಿಟ್ ಹಾಕಿಸಬೇಕು, ಆರ್‌ಟಿಒ ಅದನ್ನು ಆರ್‌ಸಿಯಲ್ಲಿ ನಮೂದಿಸಬೇಕು, ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಆಗಬೇಕು. ಅಂಗವಿಕಲರಿಗಾಗಿ ಕಾರು ಮಾರ್ಪಡಿಸಿಕೊಳ್ಳಲು ಅದೇ 52ನೇ ಕಲಂನಲ್ಲಿ 2019ರಲ್ಲೇ ಅವಕಾಶ ಬಂದಿದೆ. ಸಿಲಿಂಡರಿಗೆ ಇರುವ ದಾರಿ ಸ್ಪ್ರಿಂಗಿಗೆ ಯಾಕಿಲ್ಲ? ಜರ್ಮನಿಯಲ್ಲಿ ಇಂಥ ಸ್ಪ್ರಿಂಗಿನ ಜೊತೆ ಪರೀಕ್ಷಾ ವರದಿಯೂ ಬರುತ್ತದೆ. ಹಾಕಿಸಿದ ಮೇಲೆ ತಪಾಸಣೆ ಕೇಂದ್ರದಲ್ಲಿ ತೋರಿಸಿ, ವಾಹನದ ದಾಖಲೆಯಲ್ಲಿ ಬರೆಸಿಕೊಳ್ಳುತ್ತಾರೆ. ಅಲ್ಲಿ ಕತ್ತರಿಸಿದ ಸ್ಪ್ರಿಂಗಿಗೆ ಆ ಕಾಗದ ಸಿಗುವುದಿಲ್ಲ, ಪೊಲೀಸರಿಗೂ ಎರಡರ ವ್ಯತ್ಯಾಸ ಗೊತ್ತಾಗುತ್ತದೆ.

‘ಒಂದಕ್ಕೆ ಬಾಗಿಲು ತೆರೆದರೆ ಸೈಲೆನ್ಸರ್ ಕಿತ್ತವರೂ ನುಗ್ಗುತ್ತಾರೆ’ ಎಂದು ನಮ್ಮ ಅಂಗಡಿಯ ಯಜಮಾನರು ವಾದಿಸುತ್ತಾರೆ. ನುಗ್ಗಲಿ, ಪರೀಕ್ಷೆಯಲ್ಲಿ ಫೇಲಾಗಿ ವಾಪಸ್ ಹೋಗಲಿ. ಎಲ್ಲ ಬಾಗಿಲು ಮುಚ್ಚಿದ್ದಾಗಲೂ ಅವರು ನಡುರಾತ್ರಿ ನಮ್ಮ ಓಣಿಯಲ್ಲೇ ಓಡಾಡುತ್ತಿದ್ದಾರಲ್ಲ!

ನನಗೆ ಇದರಲ್ಲಿ ಇನ್ನೂ ಒಂದು ಸಂಕಟವಿದೆ. ನನ್ನ ಜೊತೆ ಓದಿದ ಗೆಳೆಯನೊಬ್ಬ ಸಸ್ಪೆನ್ಷನ್ ಕೆಲಸದಲ್ಲಿ ನಮಗೆಲ್ಲ ಗುರು. ಸ್ಪ್ರಿಂಗ್ ಬಿಚ್ಚುವುದು ಹುಡುಗಾಟವಲ್ಲ. ಅದುಮಿಟ್ಟ ಸ್ಪ್ರಿಂಗ್ ಕಂಪ್ರೆಸರಿನಿಂದ ಜಾರಿದರೆ ದವಡೆ ಮುರಿಯುತ್ತದೆ. ಅವನು ಟಾರ್ಕ್ ವ್ರೆಂಚ್ ಇಲ್ಲದೆ ಒಂದು ಬೋಲ್ಟ್ ಬಿಗಿಯುವುದಿಲ್ಲ, ಕತ್ತರಿಸಿ ಕೊಡು ಎಂದವರನ್ನು ಬಾಗಿಲಿಂದಲೇ ಕಳಿಸುತ್ತಾನೆ. ಆದರೆ ಅವನ ಕೆಲಸಕ್ಕೆ ಬಿಲ್ ಇಲ್ಲ, ಬೋರ್ಡ್ ಇಲ್ಲ. ಬಿಲ್ ಇಲ್ಲದಿದ್ದರೆ ನಾಳೆ ಹೆಚ್ಚುಕಡಿಮೆಯಾದಾಗ ಗಿರಾಕಿ ಯಾರನ್ನು ಕೇಳಬೇಕು? ಬ್ಯಾಂಕ್ ಸಾಲಕ್ಕೆ ಅರ್ಜಿ ಹಾಕುವಾಗ ಅವನು ‘ಸಾಮಾನ್ಯ ರಿಪೇರಿ’ ಎಂದು ಬರೆದ. ಸಂದರ್ಶನಗಳಿಗೆ ಹೋದಾಗಲೂ ತನಗೆ ಚೆನ್ನಾಗಿ ಬರುವ ವಿದ್ಯೆಯೊಂದನ್ನೇ ಬಯೊಡಾಟಾದಿಂದ ಬಿಡುತ್ತಾನೆ. ಕೌಶಲವಿಲ್ಲ ಎಂದು ನಮ್ಮ ಪೀಳಿಗೆಯನ್ನು ದೂರುವವರು ಇಂಥವನನ್ನು ಯಾವ ಲೆಕ್ಕಕ್ಕೆ ಸೇರಿಸುತ್ತಾರೆ?

ಕಾನೂನು ಬದಲಾಗುವವರೆಗೆ ಇಳಿಸಬೇಡಿ ಎನ್ನುವುದೇ ನನ್ನ ಸಲಹೆ. ವಿಮಾ ಕಂಪನಿಗೆ ತಿಳಿಸದೆ ಮಾಡಿದ ಬದಲಾವಣೆ ಕ್ಲೇಮ್ ತಿರಸ್ಕರಿಸಲು ನೆಪವಾಗಬಹುದು ಎಂಬುದೂ ನೆನಪಿರಲಿ. ಈಗಾಗಲೇ ಇಳಿಸಿದ ಹಳೆಯ ಕಾರನ್ನು ಕೊಂಡು ಓಡಿಸುತ್ತಿದ್ದರೆ ಹತ್ತು ನಿಮಿಷದ ಒಂದು ಕೆಲಸವಿದೆ. ಸಮತಟ್ಟಾದ ಜಾಗದಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಒಂದೊಂದೇ ಚಕ್ರವನ್ನು ಜಾಕ್‌ನಿಂದ ನೆಲ ಬಿಡಿಸಿ. ಕಾರಿನ ಕೆಳಗೆ ಮಾತ್ರ ಹೋಗಬೇಡಿ. ಟಾರ್ಚ್ ಬಿಟ್ಟು ನೋಡಿ: ಸ್ಪ್ರಿಂಗ್ ಎರಡೂ ತುದಿಯಲ್ಲಿ ತಟ್ಟೆಗೆ ಒತ್ತಿಕೊಂಡಿರಬೇಕು. ನಡುವೆ ಬೆಳಕು ತೂರಿದರೆ, ಇಲ್ಲವೇ ತುದಿಯಲ್ಲಿ ಗ್ರೈಂಡರಿನ ಗೆರೆ ಕಂಡರೆ, ಜಾಕ್ ಇಳಿಸಿ ಗ್ಯಾರೇಜಿಗೆ ಫೋನ್ ಮಾಡಿ ಟೋ ಗಾಡಿ ಕರೆಸಿ.