ಎಲ್ಲಿಡಲಿ ಎಂದು ಕೇಳುವ ಸೌಜನ್ಯ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ತಂತ್ರಾಂಶ ಬರೆದು ಜೀವಿಸುತ್ತಿದ್ದಾರೆ. ಈ ಬರಹ ಮುಖ್ಯವಾಗಿ ಅವರನ್ನು ಉದ್ದೇಶಿಸಿದ್ದು. ಬಂಧುಗಳೂ ಓದಬಹುದು, ಕೊನೆಯಲ್ಲಿ ಅವರಿಗೂ ಒಂದು ಉಪಯೋಗವಿದೆ.

ಕಡತವೊಂದನ್ನು ಎಲ್ಲಿಡಬೇಕೆಂದು ನಿರ್ಧರಿಸುವ ಹಕ್ಕು ಅದನ್ನು ಬರೆದವರದು. ಬರೆಯುವ ಸಾಧನವನ್ನು ತಯಾರಿಸಿದವರದಲ್ಲ. ಇಷ್ಟು ಸರಳವಾದ ಮಾತಿಗೆ ಲೇಖನವೇಕೆ ಎನ್ನುವಿರಾ? ವಿಂಡೋಸ್‌ನ ವರ್ಡ್ ತಂತ್ರಾಂಶದಲ್ಲಿ ಹೊಸದಾಗಿ ತೆರೆದ ಕಡತವು ಇನ್ನು ತಾನಾಗಿಯೇ ಅಂತರಜಾಲದ ಉಗ್ರಾಣಕ್ಕೆ ಹೋಗಿ ಸೇರುವುದೆಂದು 2025ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಪ್ರಕಟಿಸಿತು. ಬೇಡವೆನ್ನುವವರು ಆಯ್ಕೆಗಳ ಪಟ್ಟಿಯೊಳಗೆ ಹೊಕ್ಕು ಬದಲಿಸಿಕೊಳ್ಳಬಹುದಂತೆ! 'ನಿಮ್ಮ ಟ್ರಂಕನ್ನು ನಮ್ಮ ಮನೆಯಲ್ಲಿಟ್ಟಿದ್ದೇವೆ, ಬೇಡವಾದರೆ ಬಂದು ಒಯ್ಯಿರಿ' ಎಂದು ನೆರೆಯವರು ಹೇಳಿದರೆ ನಾವು ಅದನ್ನು ಉಪಕಾರವೆನ್ನುತ್ತೇವೆಯೇ?

ಯಂತ್ರ ಕೆಟ್ಟರೂ ಕಡತ ಉಳಿಯುತ್ತದಲ್ಲ ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗು ಪ್ರದೇಶಗಳಿಗೆ ನುಗ್ಗಿದ್ದನ್ನು ಕಂಡ ಯಾರೂ ಇನ್ನೊಂದು ಪ್ರತಿ ಬೇರೆಡೆ ಇರಲೆಂಬ ಮಾತನ್ನು ಅಲ್ಲಗಳೆಯಲಾರರು. ಆದರೆ ಅದನ್ನು ಕೇಳಿ ಇಡಬೇಕು.

ನೀವು ತಂತ್ರಾಂಶ ರೂಪಿಸುವಾಗ ಒಬ್ಬ ಮನುಷ್ಯ, ಅವನದೇ ಗಣಕಯಂತ್ರ, ಅವನದೇ ಖಾತೆ ಎಂದು ಭಾವಿಸುತ್ತೀರಿ. ನಮ್ಮ ತಾಲ್ಲೂಕು ಊರುಗಳಲ್ಲಿ ಎಷ್ಟೋ ಮಂದಿಗೆ ಗಣಕವೆಂದರೆ ತಾಲ್ಲೂಕು ಕಚೇರಿಯ ಸುತ್ತಮುತ್ತಲಿನ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ತಿರುಮಕೂಡಲು ನರಸೀಪುರದಲ್ಲಿ ಅಂಥ ಅಂಗಡಿಯ ಬೆಂಚಿನ ಮೇಲೆ ಅರ್ಧ ಗಂಟೆ ಕುಳಿತು ನೋಡಿ. ಒಬ್ಬರು ವಿಭಾಗಪತ್ರದ ಕರಡು ಮಾಡಿಸಲು ಬರುತ್ತಾರೆ. ಇನ್ನೊಬ್ಬ ಹೆಣ್ಣುಮಗಳು ಗಂಡನಿಂದ ಜೀವನಾಂಶ ಕೋರಿ ಅರ್ಜಿ ಬರೆಸುತ್ತಾಳೆ. ಆ ಕಡತ ತಾನಾಗಿಯೇ ಅಂತರಜಾಲಕ್ಕೆ ಹೋಗುವುದಾದರೆ ಯಾರ ಉಗ್ರಾಣಕ್ಕೆ ಹೋಗುತ್ತದೆ? ಆ ಯಂತ್ರದಲ್ಲಿ ಯಾರ ಖಾತೆ ತೆರೆದಿದೆಯೋ ಅವರದಕ್ಕೆ. ಅದು ಅಂಗಡಿಯ ಮಾಲೀಕರದಿರಬಹುದು, ಕಳೆದ ವರ್ಷ ಕೆಲಸ ಬಿಟ್ಟ ಹುಡುಗನದೂ ಇರಬಹುದು. (ಅಲ್ಲಿನ ತಂತ್ರಾಂಶ ಅಸಲಿಯೋ ನಕಲಿಯೋ ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡೋಣ.) 'ನನ್ನ ಪೆನ್‌ಡ್ರೈವಿಗೆ ಮಾತ್ರ ಹಾಕಿಕೊಡಪ್ಪ' ಎಂದು ಆಕೆ ಹೇಳಿದರೂ ಒಂದು ಪ್ರತಿ ಬೇರೆ ಕಡೆ ಉಳಿದಿರುತ್ತದೆ. ಅದು ಆಕೆಗೂ ಗೊತ್ತಾಗುವುದಿಲ್ಲ, ಬೆರಳಚ್ಚು ಮಾಡಿದವನಿಗೂ ಗೊತ್ತಾಗುವುದಿಲ್ಲ.

ಎರಡನೆಯ ಬಗೆಯ ತಂತ್ರಾಂಶಗಳು ಕಡತವನ್ನು ಹೊರಗೆ ಕಳಿಸುವುದಿಲ್ಲ, ಬಚ್ಚಿಡುತ್ತವೆ. ಸಿ ಡ್ರೈವಿನೊಳಗೆ ಸಾಮಾನ್ಯವಾಗಿ ಕಣ್ಣಿಗೆ ಬೀಳದ 'ಆಪ್‌ಡೇಟಾ' ಎಂಬ ಕೋಶವೊಂದುಂಟು. ನಮ್ಮ ಕಡೆ ಯಂತ್ರ ಕೆಟ್ಟಾಗ ರಿಪೇರಿ ಹುಡುಗ ಹೇಳುವ ಮಾತು ನಿಮಗೂ ನೆನಪಿರಬೇಕು: 'ಡಿ ಡ್ರೈವ್‌ನಲ್ಲಿರೋದು ಇರುತ್ತೆ ಸಾರ್, ಸಿ ಪೂರ್ತಿ ಹೋಗುತ್ತೆ.' ಅದಕ್ಕಾಗಿಯೇ ನಮ್ಮವರು ಬೇಕಾದದ್ದನ್ನೆಲ್ಲ ಡಿ ಡ್ರೈವಿನಲ್ಲಿಡಲು ಕಲಿತರು. ನನ್ನ ಸಹೋದ್ಯೋಗಿಯಾಗಿದ್ದ ಪಂಡಿತರೊಬ್ಬರು ನಾಲ್ಕು ತಲೆಮಾರಿನ ವಂಶಾವಳಿಯನ್ನು ಟಿಪ್ಪಣಿಯ ತಂತ್ರಾಂಶವೊಂದರಲ್ಲಿ ತುಂಬಿಸಿದ್ದರು. ಅದು ಎಲ್ಲಿಡಲಿ ಎಂದು ಅವರನ್ನು ಒಮ್ಮೆಯೂ ಕೇಳಿರಲಿಲ್ಲ. ಯಂತ್ರವನ್ನು ಫಾರ್ಮ್ಯಾಟ್ ಮಾಡಿದ ದಿನ ವಂಶಾವಳಿಯೂ ಹೋಯಿತು. ಮಾಹಿತಿ ಕೊಟ್ಟಿದ್ದ ಅವರ ಸೋದರತ್ತೆ ಅಷ್ಟರಲ್ಲಿ ತೀರಿಕೊಂಡಿದ್ದರು.

ಇಡುವ ಜಾಗವೂ ಅರ್ಥದ ಒಂದು ಭಾಗವೆಂಬುದನ್ನು ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ. ಸೋಮನಾಥಪುರದ ಕೇಶವ ದೇಗುಲದ ಶಾಸನ ಮಹಾದ್ವಾರದಲ್ಲೇ ನಿಂತಿದೆ, ಒಳಹೋಗುವವರೆಲ್ಲ ಕಾಣಲೆಂದು. ಬಿ. ಎಲ್. ರೈಸ್ ಅವರು 1894ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟ ಹೊರತಂದಾಗ ನಂಜನಗೂಡು, ನರಸೀಪುರಗಳ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿ ಸಂಖ್ಯೆ ಕೊಟ್ಟರು. ತಾಲ್ಲೂಕಿನ ಹೆಸರೂ ಸಂಖ್ಯೆಯೂ ಸೇರಿಯೇ ಶಾಸನದ ಗುರುತಾಯಿತು. ನಾನು 'ನಂಜನಗೂಡು' ಎಂಬ ಕೋಶದೊಳಗೆ 'ರಥೋತ್ಸವ' ಎಂಬ ಕೋಶ ಮಾಡಿ ಬರಹವಿಡುವುದೂ ಅದೇ ಕೆಲಸದ ಕಿರಿಯ ರೂಪ. ಅದನ್ನು 'ಇತ್ತೀಚಿನವು' ಎಂಬ ಒಂದೇ ರಾಶಿಗೆ ಸುರಿದು, ಹುಡುಕಿಕೊಳ್ಳಿ ಎನ್ನುವುದು ವಿಂಗಡಿಸಿಟ್ಟ ಧಾನ್ಯವನ್ನು ಮತ್ತೆ ಬೆರೆಸಿದಂತೆ.

ನುಡಿ, ಬರಹಗಳ ಆರಂಭದ ಕಾಲ ನೆನೆಯಿರಿ. ಆ ಅಕ್ಷರಶೈಲಿಗಳಲ್ಲಿ ಕಡತಕ್ಕೆ ಕನ್ನಡದ ಹೆಸರಿಟ್ಟರೆ ಕಿಟಕಿಯಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತಿದ್ದವು. ಆದ್ದರಿಂದ ಹೆಸರನ್ನು ಇಂಗ್ಲಿಷಿನಲ್ಲೇ ಕೊಡುತ್ತಿದ್ದೆವು. ಜಾಗ ಮಾತ್ರ ನಮ್ಮದಾಗಿತ್ತು. ಯೂನಿಕೋಡ್ ಬಂದು ಹೆಸರು ಕನ್ನಡವಾಯಿತು. ಈಗ ಜಾಗ ಕೈತಪ್ಪುತ್ತಿದೆ.

ನಾನು ನಿಮ್ಮಿಂದ ಕೇಳುವುದು ಹೆಚ್ಚೇನಲ್ಲ. ಮೊದಲ ಸಲ ಉಳಿಸುವಾಗ ಜಾಗ ಕೇಳಿ. ಕಡತ ಎಲ್ಲಿದೆಯೆಂಬ ಪೂರ್ತಿ ವಿಳಾಸ ತೆರೆಯ ಮೇಲೆ ಕಾಣಿಸಿ. ಹೊರಗೆ ಕಳಿಸುವ ಆಯ್ಕೆ ಬೇಕೆಂದವರಿಗಿರಲಿ, ಸುಮ್ಮನಿದ್ದವರಿಗಲ್ಲ. 'ಬಳಕೆದಾರರಿಗೆ ಗೊಂದಲವಾಗುತ್ತದೆ' ಎಂದು ನಿಮ್ಮ ಮೇಲಧಿಕಾರಿಗಳು ಹೇಳಬಹುದು. ಏಳನೆಯ ತರಗತಿಯ ಮಕ್ಕಳು ಯಾವ ಪುಸ್ತಕ ಯಾವ ಬೀರುವಿನಲ್ಲಿದೆಯೆಂದು ತಪ್ಪದೆ ಹೇಳುತ್ತಿದ್ದರು. ನೀವೇ ಆ ಮಕ್ಕಳು.

ಬಂಧುಗಳಿಗೆ ಹೇಳಿದ್ದ ಉಪಯೋಗ ಇದು: ವಿಂಡೋಸ್‌ನ ವರ್ಡ್‌ನಲ್ಲಿ ಎಫ್12 ಕೀಲಿ ಒತ್ತಿದರೆ, ಎಲ್ಲಿಡಲಿ ಎಂದು ಕೇಳುವ ಹಳೆಯ ಕಿಟಕಿ ಈಗಲೂ ತೆರೆಯುತ್ತದೆ. ಎಡಗಡೆಯ ಪಟ್ಟಿಯಲ್ಲಿ ಡಿ ಡ್ರೈವ್ ಇರುತ್ತದೆ. ಕೆಲವು ಲ್ಯಾಪ್‌ಟಾಪುಗಳಲ್ಲಿ ಎಫ್‌ಎನ್ ಕೀಲಿಯನ್ನೂ ಜೊತೆಗೆ ಒತ್ತಬೇಕಾಗುತ್ತದೆ.