ನಕ್ಷೆ ಕೇಳಿದವರು ನೆರಳಿಗೂ ಬೆಲೆ ಕಟ್ಟಲಿ

ಕಾಡು ಕಡಿದು ಬೆಳೆದ ಕಾಫಿ ತನಗೆ ಬೇಡವೆಂದು ಐರೋಪ್ಯ ಒಕ್ಕೂಟ ಕಾನೂನು ಮಾಡಿದ್ದು 2023ರಲ್ಲಿ. 2020ರ ಡಿಸೆಂಬರ್ 31ರ ನಂತರ ಅರಣ್ಯ ನಾಶವಾದ ಜಾಗದಲ್ಲಿ ಬೆಳೆದ ಕಾಫಿ, ಕೋಕೊ, ರಬ್ಬರ್ ಸೇರಿದಂತೆ ಏಳು ಬಗೆಯ ಸರಕಿಗೆ ಅಲ್ಲಿ ಪ್ರವೇಶವಿಲ್ಲ. ಜಾರಿಯ ಗಡುವು ಮಾತ್ರ 2024ರ ಕೊನೆಯಿಂದ 2025ಕ್ಕೆ, ಅಲ್ಲಿಂದ 2026ರ ಡಿಸೆಂಬರ್ 30ಕ್ಕೆ ಹೋಗಿದೆ. ಸಣ್ಣ ಉದ್ದಿಮೆಗಳಿಗೆ 2027ರ ಜೂನ್‌ವರೆಗೂ ಸಮಯವಿದೆ.

ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಕರ್ನಾಟಕದ್ದು. ಇಟಲಿ, ಜರ್ಮನಿಗಳು ನಮ್ಮ ದೊಡ್ಡ ಗಿರಾಕಿಗಳು. ಹಾಗಾಗಿ ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರು ಈ ಕಾನೂನನ್ನು ಕಡೆಗಣಿಸುವಂತಿಲ್ಲ. ಲಾಭವೇನೂ ಆಗಿಲ್ಲವೆಂದಲ್ಲ. ಕಾಫಿ ಮಂಡಳಿ ಆ್ಯಪ್ ಮೂಲಕ ತೋಟಗಳ ನೋಂದಣಿಗೆ ಕೈಹಾಕಿತು. 2025ರ ಮೇನಲ್ಲಿ ಭಾರತ ಕಡಿಮೆ ಅಪಾಯದ ದೇಶಗಳ ಪಟ್ಟಿಗೆ ಸೇರಿತು. ಇದರಿಂದ ತಪಾಸಣೆ ಸರಳವಾಗುತ್ತದೆ. ಸರಕಿನ ಮೂಲವನ್ನು ತೋಟದ ನಕ್ಷೆ ಸಮೇತ ತೋರಿಸುವ ಹೊಣೆ ಮಾತ್ರ ತಪ್ಪುವುದಿಲ್ಲ.

ಆ ಹೊಣೆ ಯಾರ ಹೆಗಲಿಗೆ ಬಿತ್ತು ಎಂಬುದು ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನ ಅಂಗಳದಲ್ಲಿ ತಿಳಿಯುತ್ತದೆ. ಊರಿನ ವ್ಯಾಪಾರಿ ಎರಡು ಎಕರೆಯವರಿಂದ ಹತ್ತು ಚೀಲ, ಮೂರು ಎಕರೆಯವರಿಂದ ಹದಿನೈದು ಚೀಲ ಕೊಂಡು ಒಂದೇ ರಾಶಿಗೆ ಸುರಿಯುವುದು ವಾಡಿಕೆ. ಮೂಲ ಗೊತ್ತಿಲ್ಲದ ಕಾಫಿ ಅದರಲ್ಲಿ ಬೆರೆತರೆ ಇಡೀ ಲಾಟ್ ಅನುಮಾನಕ್ಕೆ ಒಳಗಾಗುತ್ತದೆ. ಪ್ರತ್ಯೇಕ ಇಡಲು ಜಾಗ, ಕೂಲಿ, ದಾಖಲೆ ಬೇಕು. ಅದಕ್ಕಿಂತ ಒಂದೇ ದೊಡ್ಡ ಎಸ್ಟೇಟಿನಿಂದ ಕೊಳ್ಳುವುದು ರಫ್ತುದಾರನಿಗೆ ಸಲೀಸು. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇರುವ ಸಣ್ಣ ಬೆಳೆಗಾರ, ಒಂದು ಮರ ಕಡಿಯದಿದ್ದರೂ ದಾಖಲೆ ತೋರಿಸಲಾಗದೆ ಹಿಂದೆ ಬೀಳುತ್ತಾನೆ.

ಇನ್ನೊಂದು ಕೊರತೆ ಇದಕ್ಕಿಂತ ಆಳದ್ದು. ಕಾನೂನಿನ ಕಣ್ಣಿಗೆ ತೋಟ ಕೃಷಿಭೂಮಿ, ಅರಣ್ಯವಲ್ಲ. ಕಾಫಿಗೆ ನೆರಳು ಕೊಡುವ ಅತ್ತಿ, ಹಲಸು, ನಂದಿ ಮರಗಳನ್ನು ತೆಗೆದು ಸಿಲ್ವರ್ ಓಕ್ ನೆಟ್ಟವನೂ, ಆ ಮರಗಳನ್ನು ಉಳಿಸಿಕೊಂಡು ಇಳುವರಿ ಬಿಟ್ಟುಕೊಟ್ಟವನೂ ಅದರ ಮುಂದೆ ಸಮಾನರು. ಪಶ್ಚಿಮ ಘಟ್ಟದ ಹಕ್ಕಿಗೂ ಹಳ್ಳದ ನೀರಿಗೂ ಆಸರೆಯಾದ ನೆರಳಿಗೆ ಅಲ್ಲಿ ಕಾಲಂ ಇಲ್ಲ, ಬಿಲ್ಲಿನಲ್ಲಿ ದುಡ್ಡೂ ಇಲ್ಲ.

ಗಡುವು ಮುಂದೆ ಹೋದದ್ದರಿಂದ ಸಿಕ್ಕ ಸಮಯ ಬಿಡುವಲ್ಲ. ನಕ್ಷೆ, ದಾಖಲೆಯ ಖರ್ಚನ್ನು ಕೊಳ್ಳುವವರೂ ಹೊರಬೇಕು. ಸಣ್ಣವರ ಕಾಫಿಯನ್ನು ಸಹಕಾರ ಸಂಘಗಳು, ಉತ್ಪಾದಕ ಕಂಪನಿಗಳು ಒಟ್ಟಾಗಿ ಲಾಟ್ ಮಾಡಬೇಕು. ಪೌತಿ ಖಾತೆಯ ಕಡತಗಳನ್ನು ಕಂದಾಯ ಇಲಾಖೆ ವಿಲೇವಾರಿ ಮಾಡಬೇಕು. ಪರಿಸರದ ಮೌಲ್ಯ ಪೂರೈಕೆಯ ಸರಪಳಿಯಲ್ಲಿ ನೆಲೆಗೊಳ್ಳುವುದು ಷರತ್ತು ಮೇಲಿನಿಂದ ಇಳಿದಾಗಲ್ಲ, ಅದರ ಜೊತೆಗೆ ಹಣವೂ ಇಳಿದಾಗ.